ಓದಿ ಹೇಳೆಂದ ಟೀಚರಮ್ಮ

ಅವರ ಹೆಸರು ಬರೆಯುವುದಿಲ್ಲ. ಹೆಸರುಗಳ ವಿಷಯದಲ್ಲಿ ನನ್ನ ಕೈಗುಣ ಒಳ್ಳೆಯದಲ್ಲ. ಇದು ವಿನಯದ ಮಾತಲ್ಲ, ಮುಂದೆ ಓದಿದರೆ ತಿಳಿಯುತ್ತದೆ. ಚಳ್ಳಕೆರೆ ತಾಲೂಕಿನ ನನ್ನಿವಾಳದ ಆಚೆಗಿನ ಒಂದು ಹಟ್ಟಿಯಲ್ಲಿ ಅವರು ಅಂಗನವಾಡಿ ನಡೆಸುತ್ತಿದ್ದರು. ಹಟ್ಟಿಯವರೆಲ್ಲ ಟೀಚರಮ್ಮ ಎನ್ನುತ್ತಿದ್ದರು, ನಾನೂ ಹದಿನೈದು ವರ್ಷ ಹಾಗೆಯೇ ಕರೆದೆ.

ಕಳೆದ ತಿಂಗಳು ತಮ್ಮ ತವರು ಮೊಳಕಾಲ್ಮುರಿನಲ್ಲಿ ತೀರಿಕೊಂಡರು. ಫೋನಿನಲ್ಲಿ ಸುದ್ದಿ ಬಂದಾಗ ನಾನು ಮೊದಲು ಮಾಡಿದ್ದು ಅಳುವುದಲ್ಲ. ಯಾವ ಬೀದಿಯವರು, ತಾಯಿ ಯಾರು, ವಯಸ್ಸೆಷ್ಟು, ನೀನು ಕಣ್ಣಾರೆ ನೋಡಿದೆಯಾ ಎಂದು ಒಂದರ ಮೇಲೊಂದು ಕೇಳಿದೆ. ಆ ಕಡೆಯವನಿಗೆ ರೇಗಿತು. "ಏನ್ಲೇ, ಪೊಲೀಸ್ನೋರು ಕೇಳ್ದಂಗ್ ಕೇಳ್ತೀಯ! ಸತ್ತೋರು ಸತ್ತಿದಾರೆ, ಬರೋದಾದ್ರೆ ಬಾ" ಎಂದು ಇಟ್ಟ. ಅವನ ಮೇಲೆ ನನಗೆ ಬೇಸರವಿಲ್ಲ. ಯಾರಾದರೂ ಸತ್ತರು ಎಂದರೆ ವಿಚಾರಿಸದೆ ನಂಬುವ ಧೈರ್ಯ ನನಗಿಲ್ಲ. ಒಮ್ಮೆ ಆ ಧೈರ್ಯ ಮಾಡಿದ್ದೆ.

ನಾನು ಹುಟ್ಟಾ ಅಂಜುಬುರುಕ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ. ಬೀದಿಯ ತುದಿಗೆ ಹೋದ ಮೇಲೆ, ಎಳೆದ ರಭಸಕ್ಕೆ ಬೀಗ ಬಿಚ್ಚಿಕೊಂಡಿರಬಹುದೇ ಎಂದು ವಾಪಸು ಬರುತ್ತೇನೆ. "ನಿಮ್ಮನ್ನ ಕಟ್ಕೊಂಡ್ಮೇಲೆ ನಂಗೆ ಬೇರೆ ಚಿಂತೆ ಮಾಡೋಕೆ ಪುರುಸೊತ್ತೇ ಸಿಕ್ಕಿಲ್ಲ, ಎಲ್ಲಾ ನೀವೇ ಮಾಡ್ಬಿಡ್ತೀರ" ಎನ್ನುತ್ತಾಳೆ ಹೆಂಡತಿ. ತೊಂಬತ್ತರ ದಶಕದಲ್ಲಿ ಚಳ್ಳಕೆರೆಯಲ್ಲಿ ನಾನೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಆರು ಮಿಷನ್ನು, ಅದರಲ್ಲಿ ಒಂದಕ್ಕೆ ಒತ್ತಕ್ಷರವೇ ಬೀಳುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಪಾಠ, ನಡುವೆ ಜನರ ಅರ್ಜಿ ಟೈಪು ಮಾಡಿಕೊಡುವುದು.

ಅಲ್ಲಿಗೇ ಟೀಚರಮ್ಮ ಮೊದಲ ಸಲ ಬಂದದ್ದು. ಕುಳ್ಳಗೆ, ಒಣಕಲು ಮೈ. ಚಪ್ಪಲಿ ಹೊಸ್ತಿಲಾಚೆ ಬಿಟ್ಟೇ ಒಳಗೆ ಬರುವ ಅಭ್ಯಾಸ. ರೇಷ್ಮೆ ನೇಯುವ ಮನೆಯಲ್ಲಿ ಹುಟ್ಟಿದವರು, ಉಡುತ್ತಿದ್ದದ್ದು ಮಾಸಲು ನೂಲಿನ ಸೀರೆ. ತವರಿನಿಂದ ಬಂದ ರೇಷ್ಮೆಯೆಂದರೆ ಕಂಕುಳಲ್ಲಿ ಇಟ್ಟುಕೊಂಡ ಒಂದು ಖಾಲಿ ಸೀರೆ ಡಬ್ಬಿ ಮಾತ್ರ, ರಟ್ಟಿನದು. ಅದರ ತುಂಬ ಹಟ್ಟಿಯವರ ಕಾಗದಪತ್ರ. ಹಿಂದೆ ಹತ್ತು ಹನ್ನೆರಡು ಹೆಂಗಸರು.

"ಬೋರ್‌ವೆಲ್ಲಿಗೆ ಅರ್ಜಿ ಬರೀಬೇಕು ತಮ್ಮಾ" ಎಂದರು. ಬರೆದೆ. ಕಾರ್ಬನ್ ಹಾಕಿ ಮೂರು ಪ್ರತಿ. ಹೆಬ್ಬೆಟ್ಟಿನ ಮಸಿ ಡಬ್ಬಿ ಮುಂದೆ ತಳ್ಳಿದೆ.

"ಓದಿ ಹೇಳು."

"ನೀವೇ ನೋಡಿದ್ರಲ್ಲ ಟೀಚರಮ್ಮ."

"ನಾನು ಒತ್ತಲ್ವಲ್ಲ. ಒತ್ತೋರಿಗೆ ಓದು. ಒಂದೊಂದು ಸಾಲಿಗೂ ನಿಲ್ಲು, ಇವ್ರು ಹೂಂ ಅಂದ್ಮೇಲೆ ಮುಂದಕ್ಕೆ ಹೋಗು."

ಕಥೆ ಹೇಳಿದಂತೆ ಓದಿದೆ. ಹೆಂಗಸರು ಸಾಲುಸಾಲಿಗೂ ಹೂಂಗುಟ್ಟಿದರು. ನನಗೆ ಒಳಗೊಳಗೇ ನಗು. ಮೂರನೆಯ ಸಾಲಿಗೆ ಒಬ್ಬ ಮುದುಕಿ ಹೂಂ ಎನ್ನಲಿಲ್ಲ. "ನಮ್ ಹಟ್ಟೀಗೆ ಅಂತ ಬರ್ದೀಯಲ್ಲಪ್ಪಾ, ಹಟ್ಟೀಲಿ ಎಲ್ಲಿ? ನಡುಬೀದಿ ಅಂತ ಹಾಕು. ಹಂಗೇ ಬಿಟ್ರೆ ಗೌಡ್ರ ದನದ ಕೊಟ್ಟಿಗೆ ಮುಂದೆ ತೋಡ್ತಾರೆ." ಹೌದಲ್ಲ ಎನಿಸಿತು. ಮೂರೂ ಪ್ರತಿ ಹರಿದು ಮತ್ತೆ ಟೈಪು ಮಾಡಿದೆ. ಓದು ಬಾರದ ಮುದುಕಿ, ಕಿವಿಯಿಂದಲೇ ನನ್ನ ಅರ್ಜಿಯ ತಪ್ಪು ಹಿಡಿದಿದ್ದಳು. ಟೀಚರಮ್ಮ ನಗಲಿಲ್ಲ. ಡಬ್ಬಿ ಮುಚ್ಚುತ್ತ, "ನಮ್ಮವ್ವ ಓದಿಸ್ದೆ ಒತ್ತಿದ್ಲು" ಎಂದರು. ಯಾವ ಕಾಗದ, ಏನು ಹೋಯಿತು ಎಂದು ಕೇಳಿದೆ. "ಒತ್ತಿದ್ಲು" ಎಂದಷ್ಟೇ ಇನ್ನೊಮ್ಮೆ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಹದಿನೈದು ವರ್ಷದಲ್ಲಿ ಆ ಕಥೆಯ ಇನ್ನೊಂದು ಸಾಲು ಅವರ ಬಾಯಿಂದ ಬರಲಿಲ್ಲ.

ಕಂಪ್ಯೂಟರ್ ಬಂತು. ನನ್ನ ಆರು ಮಿಷನ್ನು ಗುಜರಿಯವನ ಗಾಡಿ ಏರಿದವು. ಟೈಪು ಬಲ್ಲವನೆಂಬ ಒಂದೇ ಅರ್ಹತೆಯ ಮೇಲೆ, ನಲವತ್ತರ ಹೊಸ್ತಿಲಲ್ಲಿ ನಾನು ಆಪರೇಟರ್ ಆದೆ. ಎರಡು ಸಾವಿರದ ಐದೋ ಆರೋ ಇರಬೇಕು. ಪಡಿತರ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಫೋಟೋ ಹಾಕಿ, ಹೊಸ ಕಾರ್ಡು ಕೊಡುವ ಕೆಲಸವನ್ನು ಒಬ್ಬ ಗುತ್ತಿಗೆದಾರ ಹಿಡಿದಿದ್ದ. ಅವನನ್ನು ನಾನು ಕಂಡದ್ದು ಎರಡೇ ಸಲ. ಉಳಿದಂತೆ ಅವನು ಒಂದು ಫೋನಿನ ದನಿ. ಶೇಂಗಾ ಎಣ್ಣೆ ಗಿರಣಿಯ ಗೋದಾಮಿನ ಮೇಲೆ ಒಂದು ಕೋಣೆ, ಕಡಿದಾದ ಮೆಟ್ಟಿಲು, ಎರಡು ಕಂಪ್ಯೂಟರು, ಕರೆಂಟು ಹೋದ ಹತ್ತು ನಿಮಿಷಕ್ಕೇ ಕೂಗಲು ಶುರು ಮಾಡುವ ಒಂದು ಬ್ಯಾಟರಿ. ಸುತ್ತಲಿನ ಊರುಗಳ ಜನ ಹಿಂಡಿಯ ವಾಸನೆಯಲ್ಲಿ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಅವರ ಪಾಲಿಗೆ ಆ ಕೋಣೆ ಎಂಥದೆಂದರೆ, ಒಳಗೆ ಹೋಗುವ ಮುಂಚೆ ಗಂಡಸರು ತಲೆಯ ವಲ್ಲಿ ತೆಗೆಯುತ್ತಿದ್ದರು, ಹೆಂಗಸರು ಫೋಟೋದ ಬೆಳಕು ಹೊಳೆದೊಡನೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಅರ್ಧ ತಾಲೂಕಿನ ಹೆಂಗಸರು ಕಣ್ಣು ಮುಚ್ಚಿಕೊಂಡೇ ನನ್ನ ಪೆಟ್ಟಿಗೆ ಸೇರಿದರು.

ಟೀಚರಮ್ಮನ ಸೀರೆ ಡಬ್ಬಿ ಇಲ್ಲಿಗೂ ಬಂತು. ವಾರಕ್ಕೆರಡು ಸಲ ಹಟ್ಟಿಯಿಂದ ಏಳೆಂಟು ಜನರನ್ನು ಬಸ್ಸಿಗೆ ಹತ್ತಿಸಿ ಕರೆತರುವರು. ಹುಣಸೆ ಕುಟ್ಟಿ, ಕಂಬಳಿಯ ನೂಲು ತೆಗೆದು ಬೆರಳಿನ ಗೆರೆ ಸವೆದವರು. ಹೆಬ್ಬೆಟ್ಟು ಓದುವ ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. ಟೀಚರಮ್ಮ ಕೆಳಗೆ ಗಿರಣಿಯಿಂದ ಬೊಗಸೆ ಬಿಸಿನೀರು ತಂದು ಅವರ ಬೆರಳು ನೆನೆಸಿ, ಸೆರಗಿನಲ್ಲಿ ಒರೆಸಿ, "ಈಗ ಇಡವ್ವ, ಮೆಲ್ಲಗೆ, ಕೂಸಿನ ಹಣೆಗೆ ಬೊಟ್ಟಿಡ್ತೀಯಲ್ಲ ಹಂಗೆ" ಎನ್ನುವರು. ಯಂತ್ರ ಒಪ್ಪುತ್ತಿತ್ತು. ನನ್ನ ಕೈಯಲ್ಲಿ ಅದೇ ಯಂತ್ರ ಅದೇ ಬೆರಳಿಗೆ ಎಂದೂ ಒಪ್ಪಿದ್ದಿಲ್ಲ.

ಕೋಣೆಗೆ ಕಾಲಿಟ್ಟೊಡನೆ ಅವರ ಮೊದಲ ಪ್ರಶ್ನೆ, "ಇವತ್ತು ಯಾರ್ ಬಿದ್ರು?" ಪಟ್ಟಿಯಿಂದ ಯಾರ ಹೆಸರು ಬಿದ್ದುಹೋಗಿದೆ ಎಂದು. ಹೆಸರುಗಳು ಬೀಳುತ್ತಲೇ ಇದ್ದವು. ಕರೆಂಟು ಹೋಗಿ ಒಂದು ಬೀದಿಯೇ ಅಳಿಸಿಹೋಗುತ್ತಿತ್ತು. ಮೇಲಿನಿಂದ ಬಂದ ಪಟ್ಟಿಯಲ್ಲಿ ಹೆಂಡತಿ ಇದ್ದು ಗಂಡ ಇರುತ್ತಿರಲಿಲ್ಲ. ಎಲ್ಲಿ ಬಿತ್ತು, ಯಾಕೆ ಬಿತ್ತು, ನನಗೂ ತಿಳಿಯುತ್ತಿರಲಿಲ್ಲ. ಅಂಗಡಿಯವನು "ಪಟ್ಟೀಲಿಲ್ಲ" ಎಂದರೆ ಆ ಜನ ಜಗಳವಾಡುತ್ತಿರಲಿಲ್ಲ. ಮಳೆ ಬರಲಿಲ್ಲ ಎಂಬಂತೆ ಚೀಲ ಮಡಚಿ ಮನೆಗೆ ಹೋಗುತ್ತಿದ್ದರು. ನನ್ನನ್ನು ಹೆದರಿಸಿದ್ದು ಅದೇ.

ಹಾಗೆ ಬೀಳದಿರಲು ಟೀಚರಮ್ಮನಿಗೆ ಗೊತ್ತಿದ್ದ ಉಪಾಯ ಒಂದೇ. "ಓದಿ ಹೇಳು ತಮ್ಮಾ." ನಾನು ಪರದೆ ನೋಡಿ ಗಟ್ಟಿಯಾಗಿ ಓದಬೇಕು: ಹೆಸರು, ಬಿನ್ ಇಂಥವರು, ವಯಸ್ಸು, ಮನೆಯಲ್ಲಿ ಎಷ್ಟು ಜನ. ಎದುರಿಗೆ ನಿಂತವರು ಒಂದೊಂದಕ್ಕೂ ಹೂಂ ಎನ್ನಬೇಕು. ಹೂಂ ಬರದಿದ್ದರೆ ಅಲ್ಲೇ ನಿಲ್ಲಬೇಕು. ಈ ಪೂಜೆ ಮುಗಿಯದೆ ಅವರು ಯಾರನ್ನೂ ಮೆಟ್ಟಿಲಿಳಿಸುತ್ತಿರಲಿಲ್ಲ.

ಅವರ ಬಳಿ ಒಂದು ಉದ್ದ ನೋಟ್‌ಬುಕ್ಕೂ ಇತ್ತು. ಹಟ್ಟಿಯ ಪ್ರತಿ ಜೀವವೂ ಅದರಲ್ಲಿ ತಾಯಿಯ ಹೆಸರಿನ ಕೆಳಗೆ. "ನಿನ್ ಪೆಟ್ಟಿಗೇಲಿ ಅವ್ವಂಗೆ ಜಾಗ ಎಲ್ಲಿ?" ಎಂದು ಒಮ್ಮೆ ಕೇಳಿದರು. ಇಲ್ಲ, ತಂದೆಗೆ ಮಾತ್ರ ಎಂದೆ. ಅವರು ತುಂಬ ಹೊತ್ತು ಪರದೆ ನೋಡಿದರು. "ಮಾಡಿದೋರು ಅವ್ವ ಇಲ್ದೆ ಹುಟ್ಟಿದಾರೇನು? ಇದು ಒಳ್ಳೇದಕ್ಕಲ್ಲ ತಮ್ಮಾ."

ಅವರ ಅಂಜಿಕೆಗೆ ಕಾರಣವಿತ್ತು. ಆ ಹಟ್ಟಿಯಲ್ಲಿ ಮೊದಲ ಗಂಡುಮಗನಿಗೆ ತಾತನ ಹೆಸರಿಡುತ್ತಾರೆ. ಪಾಲಯ್ಯನ ಮಗ ಓಬಯ್ಯ, ಓಬಯ್ಯನ ಮಗ ಪಾಲಯ್ಯ, ಆ ಪಾಲಯ್ಯನ ಮಗ ಮತ್ತೆ ಓಬಯ್ಯ. ಅಂದರೆ ತಾತನೂ ಓಬಯ್ಯ ಬಿನ್ ಪಾಲಯ್ಯ, ಮೊಮ್ಮಗನೂ ಓಬಯ್ಯ ಬಿನ್ ಪಾಲಯ್ಯ. ಹಟ್ಟಿಗೆ ಇದರಿಂದ ಯಾವ ತೊಡಕೂ ಇಲ್ಲ. ಸೊಸೆ ಮಾವನ ಹೆಸರು ಹೇಳುವಂತಿಲ್ಲವಾದ್ದರಿಂದ, ಮಾವನ ಹೆಸರು ಹೊತ್ತ ಮಗನನ್ನು ಅವಳು ಬೇರೆ ಏನಾದರೂ ಎಂದೇ ಕೂಗಬೇಕು. ನಾನು ಹೇಳುತ್ತಿರುವ ಮೊಮ್ಮಗನನ್ನು ಅವನವ್ವ ಚಿನ್ನೋಡು ಎಂದಳು, ತೆಲುಗಿನಲ್ಲಿ ಚಿಕ್ಕವನು ಎಂದು. ಬೆಳೆದು, ಮದುವೆಯಾಗಿ, ಬೇರೆ ಒಲೆ ಹೂಡಿ, ನೂರು ಕುರಿ ಕಾಯುವವನಾದರೂ ಹಟ್ಟಿಗೆಲ್ಲ ಅವನು ಚಿನ್ನೋಡೇ. ಓಬಯ್ಯ ಎಂಬ ಹೆಸರು ಕಾಗದದ ಮೇಲೆ ಮಾತ್ರ ಅವನದು.

ತಾತ ಓಬಯ್ಯ ಯುಗಾದಿಗೆ ಮುಂಚೆ ತೀರಿಕೊಂಡ. ಎಂಬತ್ತು ದಾಟಿತ್ತು. ಪಟ್ಟಿಯಿಂದ ಹೆಸರು ತೆಗೆಸಬೇಕು ಎಂದು ಟೀಚರಮ್ಮ ಮರಣಪತ್ರ ಹಿಡಿದು, ಮುದುಕನ ಮಗ ಪಾಲಯ್ಯನನ್ನೂ ಮುದುಕಿಯನ್ನೂ ಕರೆದುಕೊಂಡು ಬಂದರು. ಸತ್ತವರ ಪಾಲಿನ ಅಕ್ಕಿ ತಿನ್ನಬಾರದೆಂಬುದು ಅವರ ಲೆಕ್ಕ.

ಅವತ್ತು ಬೆಳಿಗ್ಗೆಯೇ ಗುತ್ತಿಗೆದಾರನ ದನಿ ನನ್ನನ್ನು ತರಾಟೆಗೆ ತೆಗೆದುಕೊಂಡಿತ್ತು. "ಬೇರೆ ಕಡೆಯವರು ನಿಮ್ಮ ಎರಡರಷ್ಟು ಮಾಡ್ತಿದಾರೆ. ನೀವೇನೋ ಅಲ್ಲಿ ಪುರಾಣ ಓದ್ತೀರಂತೆ? ಕೇಳೋಕೆ ಜನ ಬೇರೆ ಕೂರಿಸ್ಕೊಳ್ತೀರಂತೆ? ಪುರಾಣ ಓದೋರು ನನಗೆ ಬೇಕಿಲ್ಲ ಕಣ್ರೀ." ಕೆಲಸ ಹೋದರೆ ಏನು ಗತಿ ಎಂಬ ಚಿಂತೆಯಲ್ಲಿ ಊಟದ ಡಬ್ಬಿಯನ್ನೂ ಬಿಚ್ಚಿರಲಿಲ್ಲ. ಮಧ್ಯಾಹ್ನ ಕರೆಂಟು ಹೋಯಿತು. ಬ್ಯಾಟರಿ ಕೂಗತೊಡಗಿತು. ಮುದುಕಿ ಮೆಟ್ಟಿಲ ಮೇಲೆ ಕುಸಿದು ಕೂತಳೆಂದು ಟೀಚರಮ್ಮ ನೀರು ಹಿಡಿದು ಆಚೆ ಹೋದರು. ಕೆಳಗೆ ಅವರ ಬಸ್ಸಿನ ಹಾರನ್ನು.

ಓಬಯ್ಯ ಬಿನ್ ಪಾಲಯ್ಯ ಎಂದು ಹುಡುಕಿದೆ. ಒಂದು ಹೆಸರು ಬಂತು. ಇನ್ನೊಂದೂ ಇದೆಯೇ ಎಂದು ನೋಡಲು ಒಂದು ಗುಂಡಿ ಒತ್ತಬೇಕಿತ್ತು. ಒತ್ತಲಿಲ್ಲ. ವಯಸ್ಸು ಓದಲಿಲ್ಲ. ಓದಿದ್ದರೆ ಎದುರಿಗೆ ನಿಂತ ಪಾಲಯ್ಯನ ಬಾಯಿಂದ ಹೂಂ ಬರುತ್ತಿರಲಿಲ್ಲ; ಇಪ್ಪತ್ತೆಂಟು ವರ್ಷದ ಅಪ್ಪ ಯಾರಿಗಿರುತ್ತಾನೆ?

ಮೆಟ್ಟಿಲಿನಿಂದ ಟೀಚರಮ್ಮನ ದನಿ ಬಂತು. "ಓದಿದ್ಯಾ ತಮ್ಮಾ?"

"ಓದ್ದೆ ಟೀಚರಮ್ಮ."

ಆಚೆ ಒಂದು ಗಳಿಗೆ ಏನೂ ಸದ್ದಿಲ್ಲ. ಮತ್ತೆ ಹಾರನ್ನು. ಅವರು ಇಳಿದುಹೋದರು. ನಾನು 'ಮರಣ ಹೊಂದಿದ್ದಾರೆ' ಎಂಬಲ್ಲಿ ಗುರುತು ಹಾಕಿದೆ. ಮರುಗಳಿಗೆಗೆ ಬ್ಯಾಟರಿ ಸತ್ತಿತು. ಸಂಜೆ ಕೋಣೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿದೆ. ಭದ್ರವಾಗಿತ್ತು. ಜೀವಮಾನವಿಡೀ ಇಲ್ಲದ್ದಕ್ಕೆಲ್ಲ ಹೆದರಿದವನು ಅವತ್ತೊಂದು ದಿನ ನೆಮ್ಮದಿಯಾಗಿ ಮನೆಗೆ ಹೋದೆ.

ಮೂರು ತಿಂಗಳಿಗೆ ಹೊಸ ಕಾರ್ಡುಗಳು ಕಟ್ಟುಕಟ್ಟಾಗಿ ಬಂದವು. ಹಟ್ಟಿಯ ಕಟ್ಟನ್ನು ಟೀಚರಮ್ಮ ಒಯ್ದರು. ಮಾರನೆಯ ದಿನ ಮೊದಲ ಬಸ್ಸಿಗೇ ವಾಪಸು ಬಂದರು, ಜೊತೆಗೆ ಒಬ್ಬನೇ ಒಬ್ಬ. ಎತ್ತರದ ಆಳು, ಹೆಗಲಿಗೆ ಕಂಬಳಿ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತುತ್ತಿದ್ದ. ಬಲಗೈ ಪಕ್ಕೆಲುಬಿನ ಕೆಳಗೆ, ತುಂಬಿದ ಕೊಡವನ್ನು ಚೆಲ್ಲದಂತೆ ಹಿಡಿದವನ ಹಾಗೆ. ಚಿನ್ನೋಡು.

ಅವನ ಹೊಟ್ಟೆಯಲ್ಲಿ ನೀರು ತುಂಬಿದ ಗಡ್ಡೆ ಬೆಳೆದಿತ್ತು. ಕುರಿ, ನಾಯಿಗಳ ಜೊತೆ ಬದುಕುವವರಿಗೆ ಬರುತ್ತದಂತೆ. ಒಡೆಯುವ ಮುಂಚೆ ತೆಗೆಯಬೇಕು, ಒಳಗೇ ಒಡೆದರೆ ಉಳಿಯುವುದು ಕಷ್ಟ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರು. ಕಾರ್ಡು ತಂದರೆ ಖರ್ಚಿಲ್ಲದೆ ಆಪರೇಷನ್. ಹಟ್ಟಿಯ ಕಟ್ಟಿನಲ್ಲಿ ಎಲ್ಲರ ಕಾರ್ಡೂ ಇತ್ತು, ಚಿನ್ನೋಡಿನದು ಇರಲಿಲ್ಲ. ಅವನಪ್ಪನ ಕಾರ್ಡಿನಲ್ಲಿ ಮಾತ್ರ ಸತ್ತ ತಾತ ಆರಾಮಾಗಿ ಕೂತಿದ್ದ, ವಯಸ್ಸು ಎಂಬತ್ತೊಂದು.

ಟೀಚರಮ್ಮ ಕೂರಲಿಲ್ಲ. "ಇವನ್ನ ಓದು" ಎಂದರು.

"ಏನಾಯ್ತು ಟೀಚರಮ್ಮ?"

"ಓದು ಅಂದ್ನಲ್ಲ. ಗಟ್ಟಿಯಾಗಿ."

ಹುಡುಕಿದೆ. ಪರದೆ ನೋಡಿದೊಡನೆ ನನ್ನ ಕಿವಿಯಲ್ಲಿ ಬ್ಯಾಟರಿ ಕೂಗಿದಂತಾಯಿತು, ಕರೆಂಟು ಇತ್ತು.

"ಓಬಯ್ಯ."

"ಹೂಂ" ಎಂದ ಚಿನ್ನೋಡು.

"ಬಿನ್ ಪಾಲಯ್ಯ."

"ಹೂಂ."

"ವಯಸ್ಸು ಇಪ್ಪತ್ತೆಂಟು."

"ಹೂಂ."

ನಾನು ನಿಂತೆ.

"ಮುಂದೆ?" ಎಂದರು ಟೀಚರಮ್ಮ. ನಾನು ವಯಸ್ಸನ್ನೇ ಇನ್ನೊಮ್ಮೆ ಓದಿದೆ. ಅವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಚದುವಯ್ಯಾ!"

"ಮರಣ ಹೊಂದಿದ್ದಾರೆ."

"ಹೂಂ" ಎಂದ ಚಿನ್ನೋಡು.

ರೂಢಿಯ ಮೇಲೆ ಬಂದ ಹೂಂ ಅದು. ಹೇಳಿದ ಮೇಲೆ ಅವನಿಗೆ ಅರ್ಥವಾಯಿತು. ಪಕ್ಕೆ ಹಿಡಿದಿದ್ದ ಕೈಯ ಮೇಲೆ ಇನ್ನೊಂದು ಕೈಯನ್ನೂ ಇಟ್ಟುಕೊಂಡ. ಮೆಟ್ಟಿಲ ಮೇಲೆ ಕಾಯುತ್ತಿದ್ದ ಯಾವುದೋ ಊರಿನ ಹೆಂಗಸೊಬ್ಬಳು, "ಅಯ್ಯೋ, ಬಿಡ್ತು ಅನ್ನಪ್ಪಾ, ಬಿಡ್ತು ಅನ್ನು!" ಎಂದು ಕೂಗಿದಳು. ಚಿನ್ನೋಡು ಮೆಲ್ಲಗೆ "ಬಿಡ್ತು" ಎಂದ. ಆದರೆ ಪೆಟ್ಟಿಗೆಗೆ ಆ ಮಾತು ಕೇಳುವುದಿಲ್ಲ.

"ತೆಗಿ ಅದನ್ನ" ಎಂದರು ಟೀಚರಮ್ಮ.

"ಸತ್ತಿದಾರೆ ಅಂತ ಹಾಕೋಕೆ ನನಗೆ ಬಿಟ್ಟಿದಾರೆ. ತೆಗೆಯೋಕೆ ಬಿಟ್ಟಿಲ್ಲ. ಮೇಲಿನವರೇ ತೆಗೀಬೇಕು."

"ಮೇಲಿನೋರು ಅಂದ್ರೆ? ಶಿವನಾ?"

ಅವರ ಎದುರಿಗೇ ಗುತ್ತಿಗೆದಾರನಿಗೆ ಫೋನು ಮಾಡಿದೆ. ಆ ದನಿ ಕೋಣೆಗೆಲ್ಲ ಕೇಳುವಷ್ಟು ದೊಡ್ಡದು. ತಿದ್ದುಪಡಿಗೆ ಒಂದು ನಮೂನೆ ಇದೆ. ಕಾರಣ ಬರೆಯಬೇಕು. ಆಪರೇಟರ್ ತಪ್ಪು ಎಂದು ಬರೆದರೆ ವಿಚಾರಣೆ; ಅದು ಮುಗಿಯುವವರೆಗೆ ಆ ಹೆಸರನ್ನು ಯಾರೂ ಮುಟ್ಟುವಂತಿಲ್ಲ, ಎಷ್ಟು ತಿಂಗಳೋ ಹೇಳಲಾಗದು, ನನ್ನ ಕುರ್ಚಿಯಂತೂ ಇರುವುದಿಲ್ಲ. ಮಾಹಿತಿ ಕೊಟ್ಟವರ ತಪ್ಪು ಎಂದು ಅವರೇ ಬರೆದುಕೊಟ್ಟರೆ ಹದಿನೈದು ದಿನ.

"ಎಷ್ಟು ದಿನ ಅಂದ?"

"ಹದಿನೈದು."

ಟೀಚರಮ್ಮ ಚಿನ್ನೋಡಿನ ಪಕ್ಕೆಯ ಕಡೆ ನೋಡಿದರು. ಆಮೇಲೆ ನನ್ನ ಮುಖ. ಆಗ ಕುರ್ಚಿ ಎಳೆದುಕೊಂಡು ಕೂತರು. "ಕೊಡು ಆ ನಮೂನೆ."

ತಪ್ಪು ನಿಮ್ಮದಲ್ಲ ಟೀಚರಮ್ಮ, ನನ್ನದು, ನಾನು ಅವತ್ತು ಓದಿರಲಿಲ್ಲ, ಎಂದು ಹೇಳಿದೆನೇ? ಬಾಯಿ ತೆರೆದೆ. ತೆರೆದು, ಪೆನ್ನು ಕೊಟ್ಟೆ.

ಅವರು ಅಂಗನವಾಡಿಯ ದುಂಡು ಅಕ್ಷರದಲ್ಲಿ ಬರೆದರು. ಬರೆಯುತ್ತ, ತಲೆಯೆತ್ತದೆ ಹೇಳಿದರು: "ನಾನೂ ಕಿವಿ ಕೊಟ್ಟಿದ್ದೆ. ಅವತ್ತು ಹೂಂ ಬರ್ಲಿಲ್ಲ. ಬಸ್ಸು ತಪ್ತೈತೆ ಅಂತ ಇಳ್ದುಬಿಟ್ಟೆ." ಬರೆದದ್ದನ್ನು ನನ್ನ ಮುಂದೆ ತಳ್ಳಿದರು. "ಓದು."

'ತಪ್ಪು ಮಾಹಿತಿ ನೀಡಿರುವುದು ನಾನೇ' ಎಂಬುದನ್ನು ನನ್ನ ಬಾಯಿಂದಲೇ ಓದಿಸಿ, ಒಂದು ಹೂಂ ಎಂದು, ಸಹಿ ಮಾಡಿ ಎದ್ದರು.

ಹದಿನೈದು ದಿನ ಇಪ್ಪತ್ತಾಯಿತು. ಎರಡು ದಿನಕ್ಕೊಮ್ಮೆ ಅವರು ಮೆಟ್ಟಿಲ ಬುಡದಲ್ಲಿ ನಿಂತು "ಬಂತಾ?" ಎನ್ನುವರು, ನಾನು ಮೇಲಿನಿಂದ "ಇಲ್ಲ" ಎನ್ನುವೆ, ಅವರು ಹಾಗೆಯೇ ಬಸ್ ಸ್ಟ್ಯಾಂಡಿಗೆ ತಿರುಗುವರು. ಹಟ್ಟಿಯಲ್ಲಿ ಚಿನ್ನೋಡನ್ನು ಅಂಗಾತ ಮಲಗಿಸಿದ್ದರಂತೆ. ಕೆಮ್ಮಬೇಡ, ನಗಬೇಡ, ಭಾರ ಎತ್ತಬೇಡ. ಕುರಿ ಕೂಗಿದರೆ ಎದ್ದು ಓಡಿಬಿಡುತ್ತಾನೆಂದು ಮಂದೆಯನ್ನೇ ಹುಲ್ಲುಗಾವಲಿನ ಆಚೆ ಕಳಿಸಿದ್ದರಂತೆ. ಇದನ್ನೆಲ್ಲ ಕೇಳುತ್ತ ಕೇಳುತ್ತ ನನ್ನ ಬಲಪಕ್ಕೆಯಲ್ಲೂ ಏನೋ ಹಿಡಿದಂತಾಗಿ, ನಾನೂ ಮೆಟ್ಟಿಲನ್ನು ನಿಧಾನವಾಗಿ ಹತ್ತತೊಡಗಿದೆ. ಡಾಕ್ಟರು ನೋಡಿ, "ನಿಮಗೇನೂ ಇಲ್ಲ, ಗ್ಯಾಸು" ಎಂದರು. ಕೆಳಗಡೆ ಯಾರಾದರೂ ಅವಸರದಲ್ಲಿ ಸೈಕಲ್ ನಿಲ್ಲಿಸಿದರೆ, ಸುದ್ದಿ ತಂದವರೇ ಎಂದು ನನ್ನ ಕೈ ಕೀಲಿಮಣೆಯ ಮೇಲೆಯೇ ನಿಂತುಬಿಡುತ್ತಿತ್ತು. ಪರದೆಯ ಮೇಲೆ ಅವನು ಆಗಲೇ ಸತ್ತಿದ್ದ. ಹಟ್ಟಿಯಲ್ಲಿ ಒಂದು ಕೆಮ್ಮು ಬಂದರೆ ನನ್ನ ಪರದೆ ಹೇಳಿದ್ದು ನಿಜವಾಗುತ್ತಿತ್ತು. ತಿದ್ದುವ ಕೆಲಸವೇ ಉಳಿಯುತ್ತಿರಲಿಲ್ಲ.

ಇಪ್ಪತ್ತಮೂರನೆಯ ದಿನ ಓಬಯ್ಯ ಬದುಕಿದ. ಕಾರ್ಡು ಮುದ್ರಿಸಿ ನಾನೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು, ಅವನಿಗೂ ಓದಿ ಹೇಳಿದೆ. ಆ ವಾರವೇ ಆಪರೇಷನ್ ಆಯಿತು. ಒಡೆಯಲಿಲ್ಲ. ತಾತನನ್ನು ತೆಗೆಯುವ ಕೆಲಸ ಉಳಿದಿತ್ತು. ಮೂರು ಸಲ ಓದಿ ತೆಗೆದೆ.

ಟೀಚರಮ್ಮನಿಗೆ ಕಾರಣ ಕೇಳಿ ನೋಟಿಸು ಬಂತು. ಬೇರೆಯವರ ಕಾಗದ ಹಿಡಿದು ಇನ್ನು ಬರಬಾರದು ಎಂದು ಮೇಲಿನವರು ತಾಕೀತು ಮಾಡಿದರು. ಮೇಲ್ವಿಚಾರಕಿ ಆಗುವವರ ಪಟ್ಟಿಯಲ್ಲಿ ಅವರ ಹೆಸರಿತ್ತು, ಅದೂ ಬಿತ್ತು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಬೇಜಾರು ತೋಡಿಕೊಂಡೆ. ಬೇಜಾರಷ್ಟೇ, ನಿಜವಲ್ಲ. "ಬಿದ್ರೆ ಬೀಳ್ಲಿ ಬಿಡು, ನಾನೇನು ಸತ್ತಿಲ್ವಲ್ಲ" ಎಂದರು. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. "ಓದ್ತಿದೀಯಾ?"

"ಓದ್ತಿದೀನಿ ಟೀಚರಮ್ಮ."

"ಹಂಗೇ ಇರು."

ಓದುತ್ತಿದ್ದೆ. ಅವರು ಬರದಿದ್ದರೂ ಹಟ್ಟಿಯವರು ಒಬ್ಬೊಬ್ಬರಾಗಿ ತಾವೇ ಬರತೊಡಗಿದ್ದರು. ಒಳಗೆ ಬಂದು, ವಲ್ಲಿ ತೆಗೆದು, "ಓದ್ರಿ" ಎಂದು ನಿಲ್ಲುವರು. ಪರದೆಯ ಕಡೆ ನೋಡುತ್ತಿರಲಿಲ್ಲ. ಓದಿ ಮುಗಿಸುವವರೆಗೂ ನನ್ನ ಮುಖವನ್ನೇ ನೋಡುವರು. ಟೀಚರಮ್ಮ ಕಲಿಸಿದ ಗೌರವ ಎಂದುಕೊಂಡೆ. ಮೇಲಿನ ದನಿ ಬೈಯಿತು, ಬದಲಾಯಿತು, ಹೊಸ ದನಿಯೂ ಬೈಯಿತು. ನಾನು ಓದಿದೆ. ಗಂಟಲು ಕಟ್ಟಿದ ದಿನ ಕೆಳಗಿನ ಗಿರಣಿಯ ಲೆಕ್ಕದವರನ್ನು ಕರೆದು ಅವರಿಂದ ಓದಿಸಿದೆ. ನಾಲ್ಕು ವರ್ಷದಲ್ಲಿ ಆ ಹಟ್ಟಿಯ ಒಂದು ಹೆಸರೂ ನನ್ನ ಕೈಯಿಂದ ಬೀಳಲಿಲ್ಲ. ಕಳೆದ ಬೇಸಗೆಯಲ್ಲಿ ಗುತ್ತಿಗೆ ಮುಗಿದು, ನನ್ನ ಜಾಗಕ್ಕೆ ಹೊಸಬ ಬಂದ.

ಟೀಚರಮ್ಮನ ಹನ್ನೊಂದನೆಯ ದಿನಕ್ಕೆ ಮೊಳಕಾಲ್ಮುರಿಗೆ ಹೋದೆ. ಮಗ್ಗ ನಿಲ್ಲಿಸಿ, ಅದರ ಗುಂಡಿಗೆ ಹಲಗೆ ಮುಚ್ಚಿ, ಮೇಲೆ ಜಮಖಾನ ಹಾಸಿದ್ದರು. ಹಟ್ಟಿಯಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು; ಅದೇ ನೋಟ. ಊಟವಾದ ಮೇಲೆ ಚಿನ್ನೋಡು ಗೋಡೆಯ ನೆರಳಿನಲ್ಲಿ ಒಬ್ಬನೇ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತೆ. ವರ್ಷಗಟ್ಟಲೆ ಮನಸ್ಸಿನಲ್ಲಿ ಟೈಪು ಮಾಡಿ ಹರಿದಿದ್ದ ಮಾತು ಹೇಗೋ ಹೊರಗೆ ಬಂತು.

"ಅವತ್ತು ತಪ್ಪು ನಂದು. ನಾನು ಓದಿರ್ಲಿಲ್ಲ. ಟೀಚರಮ್ಮ ಬರ್ದುಕೊಟ್ಟಿದ್ದು ಸುಳ್ಳು."

ಚಿನ್ನೋಡು ಎಲೆಯ ತೊಟ್ಟು ಮುರಿದ. "ಗೊತ್ತೈತಲ್ಲ ಸಾ."

"ಯಾರಿಗೆ?"

"ಹಟ್ಟಿಗೆಲ್ಲ ಗೊತ್ತೈತೆ. ಅವತ್ತು ಬಸ್ನಾಗೇ ಹೇಳಿದ್ರು ಟೀಚರಮ್ಮ. ನಮ್ಮಪ್ಪ ದೊಣ್ಣೆ ತಗಂಡು ಬರ್ತೀನಿ ಅಂತ ನಿಂತಿದ್ದ."

"ಮತ್ತೆ ಇಷ್ಟು ವರ್ಷ ಒಬ್ರೂ ಒಂದು ಮಾತು..."

"ಅನ್ಬ್ಯಾಡ್ರಿ ಅಂದಿದ್ರು. 'ಇವನ್ನ ತೆಗೆಸಿದ್ರೆ ಇನ್ನೊಬ್ಬ ಬರ್ತಾನೆ, ಅವನು ಓದಲ್ಲ. ಇವನು ಹೆದ್ರಿದಾನೆ. ಹೆದ್ರಿದೋನು ಓದ್ತಾನೆ. ಹೋದಾಗೆಲ್ಲ ಸುಮ್ನೆ ಮುಖ ನೋಡ್ರಿ, ಅಷ್ಟು ಸಾಕು' ಅಂದಿದ್ರು."

ಒಳಗೆ ಯಾರೋ ಎಲೆ ಎತ್ತುತ್ತಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಅಂಜುಬುರುಕುತನವನ್ನು ಹೆಂಡತಿ ನಗೆಗೆ ಬಳಸಿದಳು, ಗುತ್ತಿಗೆದಾರ ಬೈಯಲು ಬಳಸಿದ. ಅದರಿಂದ ಒಂದು ಹಟ್ಟಿಯನ್ನು ಕಾಯಬಹುದೆಂದು ಲೆಕ್ಕ ಹಾಕಿದವರು ಅವರೊಬ್ಬರೇ.

ಚಿನ್ನೋಡು ಎಲೆ ಮಡಚಿ ಬಾಯಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಅಗಿದು, ಕೇಳಿದ.

"ಸಾ, ಈಗ ನಿಮ್ ಕುರ್ಚಿಗೆ ಹೊಸಬ್ರು ಬಂದವ್ರಂತಲ್ಲ. ಅವ್ರು ಹೆಂಗೆ, ಹೆದರ್ತಾರಾ?"

ಕೆಲಸ ವಹಿಸಿಕೊಡುವಾಗ ಒಂದು ದಿನ ಅವನ ಪಕ್ಕ ಕೂತಿದ್ದೆ. ನಾನು ಒಂದು ಹೆಸರು ಓದಿ ಮುಗಿಸುವಷ್ಟರಲ್ಲಿ ಅವನು ನಾಲ್ಕು ಮುಗಿಸುತ್ತಿದ್ದ.

"ಇಲ್ಲ" ಎಂದೆ. "ಅವನು ಬಹಳ ಚುರುಕು."

ಚಿನ್ನೋಡು ಅಗಿಯುವುದನ್ನು ನಿಲ್ಲಿಸಿದ.